ವಿದ್ಯುತ್ತಿನ ಧನ ಋಣಗಳು

ಮುಂಗಾರು ಹಿಡಿಯುವುದಕ್ಕೆ ಮುನ್ನ, ಚೈತ್ರ ವೈಶಾಖಗಳ ಸಂಜೆಯಲ್ಲಿ ರೇಡಿಯೋದ ಮುಂದೆ ಕುಳಿತವರಿಗೆಲ್ಲ ಒಂದು ಅನುಭವ ಉಂಟು. ಗಾಯಕರು ರಾಗವನ್ನು ಒಳ್ಳೆಯ ಘಟ್ಟಕ್ಕೆ ತಂದಿರುವಾಗಲೇ ಎಲ್ಲಿಂದಲೋ ಚಟಚಟನೆ ಒಂದು ಕರ್ಕಶ ಶಬ್ದ ನಡುವೆ ನುಗ್ಗಿ ಸ್ವರವನ್ನು ನುಂಗಿಬಿಡುವುದು. ಕಿಟಕಿಯಿಂದ ಹೊರಗೆ ನೋಡಿದರೆ ದೂರದ ದಿಗಂತದಲ್ಲಿ ಕಾರ್ಮೋಡ ಕವಿದು ಮಿಂಚುತ್ತಿರುವುದು ಕಾಣುವುದು. ಚಳಿಗಾಲದ ಒಣ ಹವೆಯಲ್ಲಿ ಇದೇ ಬಗೆಯ ಸದ್ದನ್ನು, ಆದರೆ ಬಹು ಮೆಲ್ಲಗೆ, ನಾವು ಇನ್ನೊಂದು ಕಡೆ ಕೇಳಿರುವೆವು. ಬೆಳಗ್ಗೆ ಎದ್ದು ತಲೆ ಬಾಚುವಾಗ ಬಾಚಣಿಗೆಯ ಹಲ್ಲುಗಳ ನಡುವೆ ಸಣ್ಣಗೆ ಚಿಟಿಚಿಟಿ ಎನ್ನುವುದು. ಆ ಬಾಚಣಿಗೆಯನ್ನು ಕಾಗದದ ಚೂರುಗಳ ಬಳಿಗೆ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುವುವು. ಆಕಾಶವನ್ನು ಸೀಳುವ ಸಿಡಿಲಿಗೂ ಬಾಚಣಿಗೆಯ ಈ ಚಿಟಿಚಿಟಿಗೂ ಮೂಲ ಒಂದೇ. ಇದನ್ನು ವಿದ್ಯುದಾವೇಶ ಎಂದು ಕರೆಯುವೆವು. ಇಂದಿನ ಭಾಷಣದಲ್ಲಿ ಇದರ ಸ್ವರೂಪವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆವು.

ಈ ವಿಷಯವನ್ನು ನಾವು ಆರಿಸಿಕೊಳ್ಳುವುದಕ್ಕೆ ಒಬ್ಬ ವಿದ್ಯಾರ್ಥಿಯ ಪ್ರಶ್ನೆ ಕಾರಣ. ಆವೇಶಗಳ ನಡುವಣ ಬಲವನ್ನು ಲೆಕ್ಕಹಾಕುವ ಸೂತ್ರವನ್ನು ಕರಿಯ ಹಲಗೆಯ ಮೇಲೆ ಬರೆದು, ಒಂದು ಉದಾಹರಣೆಯನ್ನು ಬಿಡಿಸಿ ಮುಗಿಸಿದ್ದೆವು. ಉತ್ತರ ಲಕ್ಷಾಂತರ ಟನ್ನುಗಳಿಗೆ ಬಂದಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, ಮೇಜಿನ ಮೇಲಿದ್ದ ನೀರಿನ ಲೋಟವನ್ನು ತೋರಿಸಿ, ಸಕಲ ಪದಾರ್ಥಗಳಲ್ಲಿಯೂ ಆವೇಶ ತುಂಬಿದೆ ಎನ್ನುವುದು ನಿಜವಾದರೆ ಈ ಲೋಟ ಇಷ್ಟು ಸುಮ್ಮನೆ ಹೇಗೆ ಕುಳಿತಿದೆ ಎಂದು ಕೇಳಿದನು. ತರಗತಿ ನಕ್ಕಿತು. ಆದರೆ ಆ ಪ್ರಶ್ನೆ ನಗುವಂಥದಲ್ಲ. ಈ ಶಾಸ್ತ್ರದ ಹೃದಯವೇ ಅದರಲ್ಲಿದೆ.

ಮೊದಲು ಹೆಸರಿನಿಂದ ಪ್ರಾರಂಭಿಸೋಣ. ಬಾಲ್ಟಿಕ್ ಸಮುದ್ರದ ದಡದಲ್ಲಿ ಅಂಬರ್ ಎಂಬ ಹೊಂಬಣ್ಣದ ವಸ್ತು ದೊರೆಯುವುದು. ಅದು ಕಲ್ಲಲ್ಲ, ಲಕ್ಷಾಂತರ ವರ್ಷಗಳ ಹಿಂದಿನ ಮರಗಳ ರಾಳ ಗಟ್ಟಿಯಾದುದು. ಅದನ್ನು ಉಣ್ಣೆಗೆ ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವುದೆಂಬುದನ್ನು ಪ್ರಾಚೀನರು ಬಲ್ಲರು. ಸಂಸ್ಕೃತದಲ್ಲಿ ಅದಕ್ಕೆ ತೃಣಮಣಿ ಎಂದು ಹೆಸರು. ಹುಲ್ಲನ್ನು ಸೆಳೆದುಕೊಳ್ಳುವುದು ಎಂಬ ಅರ್ಥದಲ್ಲಿಯೇ ಪಾರಸಿಗರು ಅದನ್ನು ಕಾಹ್ರುಬಾ ಎಂದರು. ಗ್ರೀಕರು ಎಲೆಕ್ಟ್ರಾನ್ ಎಂದರು. ೧೬೦೦ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಾಲದ ವೈದ್ಯನಾದ ವಿಲಿಯಂ ಗಿಲ್ಬರ್ಟನು ಅಯಸ್ಕಾಂತವನ್ನು ಕುರಿತು ಒಂದು ಗ್ರಂಥವನ್ನು ಬರೆದು, ಈ ಸೆಳೆಯುವ ಗುಣ ಅಂಬರಿನ ಸ್ವತ್ತಲ್ಲವೆಂದೂ, ಗಾಜು, ಗಂಧಕ, ಅರಗು ಮೊದಲಾದ ಅನೇಕ ವಸ್ತುಗಳಲ್ಲಿ ಅದು ಇದೆಯೆಂದೂ ತೋರಿಸಿದನು. ಅಂಬರಿನ ಗ್ರೀಕ್ ಹೆಸರಿನಿಂದ ಅವನು ಕಟ್ಟಿದ ಪದವೇ ಇಂದಿನ ಎಲೆಕ್ಟ್ರಿಸಿಟಿ ಎಂಬ ಮಾತಿಗೆ ತಾಯಿ. ನಮ್ಮ ಕನ್ನಡದಲ್ಲಿ ಇದಕ್ಕೆ ಸಂದ ಆವೇಶ ಎಂಬ ಮಾತೂ ಸ್ವಾರಸ್ಯವಾಗಿದೆ. ದೇವರು ಮೈಮೇಲೆ ಬಂದವನು ನೋಟಕ್ಕೆ ಮೊದಲಿನ ಮನುಷ್ಯನೇ. ಆದರೆ ನಡತೆ ಬೇರೆ. ಉಜ್ಜಿದ ಬಾಚಣಿಗೆಯೂ ಹಾಗೆಯೇ. ತೂಕ, ಬಣ್ಣ, ಆಕಾರಗಳಲ್ಲಿ ಕಣ್ಣಿಗೆ ಯಾವ ವ್ಯತ್ಯಾಸವೂ ತೋರದು, ಆದರೆ ಅದರ ನಡತೆ ಬದಲಾಗಿರುವುದು.

ಇನ್ನು ಒಂದು ಪ್ರಯೋಗ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಒಣಗಿದ ಜೋಳದ ದಂಟನ್ನು ಸೀಳಿ ಒಳಗಿನ ಬೆಂಡನ್ನು ತೆಗೆದು ಮೆಣಸಿನ ಕಾಳಿನಷ್ಟು ದೊಡ್ಡ ಎರಡು ಗುಂಡುಗಳನ್ನು ಮಾಡಿ, ರೇಷ್ಮೆಯ ಎಳೆಗಳಿಂದ ಒಂದರ ಪಕ್ಕದಲ್ಲಿ ಒಂದು ತೂಗುವಂತೆ ಕಟ್ಟಬೇಕು. ತಲೆಗೂದಲಿಗೆ ಚೆನ್ನಾಗಿ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಎರಡಕ್ಕೂ ಮುಟ್ಟಿಸಿದರೆ, ಜಗಳವಾಡಿದ ದಾಯಾದಿಗಳಂತೆ ಅವು ಪರಸ್ಪರ ದೂರ ಸರಿದು ನಿಲ್ಲುವುವು. ಈಗ ಒಣಗಿದ ಗಾಜಿನ ಕಡ್ಡಿಯನ್ನು ರೇಷ್ಮೆಯ ವಸ್ತ್ರದಿಂದ ಉಜ್ಜಿ ಒಂದು ಗುಂಡಿನ ಬಳಿಗೆ ತಂದರೆ ಅದು ಗಾಜಿನ ಕಡೆಗೆ ಓಡಿ ಬರುವುದು. ಬಾಚಣಿಗೆಯನ್ನೇ ಮತ್ತೆ ತಂದರೆ ಹಿಂದಕ್ಕೆ ಸರಿಯುವುದು. ಇದರಿಂದ ತಿಳಿಯುವುದೇನೆಂದರೆ ಆವೇಶದಲ್ಲಿ ಎರಡು ಜಾತಿಗಳಿರುವುವು. ಸಜಾತೀಯವಾದುವು ಪರಸ್ಪರ ತಳ್ಳುವುವು, ವಿಜಾತೀಯವಾದುವು ಪರಸ್ಪರ ಸೆಳೆಯುವುವು. ೧೭೩೩ರಲ್ಲಿ ಪ್ಯಾರಿಸ್ಸಿನ ದ್ಯುಫೇ ಎಂಬಾತನು ಈ ಸತ್ಯವನ್ನು ಮೊದಲು ಸ್ಪಷ್ಟವಾಗಿ ಹೇಳಿ, ಒಂದಕ್ಕೆ ಗಾಜಿನ ವಿದ್ಯುತ್ತೆಂದೂ ಇನ್ನೊಂದಕ್ಕೆ ರಾಳದ ವಿದ್ಯುತ್ತೆಂದೂ ಹೆಸರಿಟ್ಟನು.

ಆಷಾಢ ಶ್ರಾವಣಗಳಲ್ಲಿ ಈ ಪ್ರಯೋಗವನ್ನು ಮಾಡಲು ಹೊರಟರೆ ನಗೆಪಾಟಲಾಗುವ ಸಂಭವವುಂಟು. ಜಡಿಮಳೆಯ ಒಂದು ದಿನ ತುಂಬಿದ ತರಗತಿಯ ಮುಂದೆ ನಾವು ಅರ್ಧ ಗಂಟೆ ಗಾಜನ್ನು ಉಜ್ಜಿದರೂ ಬೆಂಡು ಕದಲಲಿಲ್ಲ. ತಪ್ಪು ಬೆಂಡಿನದಲ್ಲ, ನಮ್ಮದು. ತೇವದ ಹವೆಯಲ್ಲಿ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂಡುವುದು. ಉಜ್ಜಿ ಕೂಡಿಸಿದ ಆವೇಶ ಆ ಪೊರೆಯ ಮೂಲಕ ನಮ್ಮ ಕೈಗೂ ಅಲ್ಲಿಂದ ನೆಲಕ್ಕೂ ಹರಿದುಹೋಗುವುದು. ಹೀಗೆ ಆವೇಶವನ್ನು ಹರಿಯಗೊಡುವ ಪದಾರ್ಥಗಳಿಗೆ ವಾಹಕಗಳೆಂದೂ, ಹರಿಯಗೊಡದೆ ಇದ್ದಲ್ಲಿಯೇ ನಿಲ್ಲಿಸುವುವುಗಳಿಗೆ ಅವಾಹಕಗಳೆಂದೂ ಹೆಸರು. ಈ ಭೇದವನ್ನು ೧೭೨೯ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬಾತನು ಕಂಡುಹಿಡಿದನು. ರೇಷ್ಮೆಯ ಎಳೆಗಳಿಂದ ತೂಗುಹಾಕಿದ ಸಾಧಾರಣ ಹುರಿಯ ಮೂಲಕ ಅವನು ಆವೇಶವನ್ನು ನೂರಾರು ಅಡಿ ಸಾಗಿಸಿದನು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹರಿದುದೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದೂ ಈ ಹುರಿಯ ದೂರದ ಸಂತತಿಯೆಂದೇ ಹೇಳಬಹುದು. ನಗರವಾಸಿಗಳಾದ ನಾವು ಗುಂಡಿ ಒತ್ತಿದೊಡನೆ ಕೆಲಸಕ್ಕೆ ನಿಲ್ಲುವ ಆಳಾಗಿ ಮಾತ್ರ ವಿದ್ಯುತ್ತನ್ನು ಬಲ್ಲೆವು. ಆ ಪ್ರವಾಹವೂ ಆವೇಶವೇ; ನಿಂತಿರುವಾಗ ಬಾಚಣಿಗೆಯ ಆಟ, ಹರಿಯುವಾಗ ದೀಪದ ಬೆಳಕು.

ಗಾಜು ರಾಳಗಳ ಹೆಸರನ್ನು ತೆಗೆದುಹಾಕಿ ಲೆಕ್ಕಪತ್ರದ ಹೆಸರುಗಳನ್ನು ತಂದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮುದ್ರಣಾಲಯವನ್ನು ನಡೆಸಿ ವ್ಯಾಪಾರದಲ್ಲಿ ಪಳಗಿದ್ದ ಆತನು ೧೭೪೭ರಲ್ಲಿ ಬರೆದ ಪತ್ರಗಳಲ್ಲಿ, ಉಜ್ಜುವಾಗ ವಿದ್ಯುತ್ತು ಹೊಸದಾಗಿ ಹುಟ್ಟುವುದಿಲ್ಲ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವುದು ಮಾತ್ರ ಎಂದು ವಾದಿಸಿದನು. ಪಡೆದುದು ಕೂಡುವ ಕಡೆ, ಕಳೆದುಕೊಂಡುದು ಕಳೆಯುವ ಕಡೆ. ಇವನ್ನೇ ನಾವು ಧನ, ಋಣ ಎನ್ನುವೆವು. ಈ ಎರಡು ಮಾತುಗಳನ್ನು ಗಣಿತದವರೂ ಬಲ್ಲರು, ಸಾಹುಕಾರರೂ ಬಲ್ಲರು. ರೇಷ್ಮೆಗೆ ಉಜ್ಜಿದ ಗಾಜಿನದು ಧನ. ಕೂದಲಿಗೆ ಉಜ್ಜಿದ ಪ್ಲಾಸ್ಟಿಕ್ ಬಾಚಣಿಗೆಯದು ಋಣ. ಬಾಚಣಿಗೆಗೆ ಎಷ್ಟು ಋಣ ಬಂದಿದೆಯೋ ತಲೆಗೂದಲಿನಲ್ಲಿ ಸರಿಯಾಗಿ ಅಷ್ಟೇ ಧನ ಉಳಿದಿರುವುದು. ಒಟ್ಟು ಲೆಕ್ಕ ಮೊದಲೂ ಸೊನ್ನೆ, ಆಮೇಲೂ ಸೊನ್ನೆ. ವಿಶ್ವದಲ್ಲಿ ಯಾವ ಕ್ರಿಯೆಯಿಂದಲೂ ಆವೇಶದ ಈ ಒಟ್ಟು ಮೊತ್ತ ಬದಲಾದುದನ್ನು ಈವರೆಗೆ ಯಾರೂ ಕಂಡಿಲ್ಲ.

ಇಲ್ಲಿ ಜಾಣರಾದ ಶ್ರೋತೃಗಳು ಒಂದು ಆಕ್ಷೇಪವನ್ನು ಎತ್ತಬಹುದು. ಕಾಗದದ ಚೂರನ್ನು ಯಾರೂ ಉಜ್ಜಲಿಲ್ಲವಲ್ಲ, ಅದರ ಲೆಕ್ಕ ಸೊನ್ನೆಯೇ ಅಲ್ಲವೆ, ಬಾಚಣಿಗೆ ಅದನ್ನು ಸೆಳೆದುದು ಹೇಗೆ? ಕಾಗದದಲ್ಲಿ ಧನವೂ ಇದೆ, ಋಣವೂ ಇದೆ, ಎರಡೂ ಸಮವಾಗಿವೆ. ಋಣಾವೇಶದ ಬಾಚಣಿಗೆ ಬಳಿಗೆ ಬಂದಾಗ ಕಾಗದದೊಳಗಿನ ಋಣ ಸ್ವಲ್ಪ ಹಿಂದಕ್ಕೆ ಸರಿಯುವುದು, ಧನ ಸ್ವಲ್ಪ ಮುಂದೆ ಉಳಿಯುವುದು. ಹತ್ತಿರವಿರುವ ಧನದ ಮೇಲಿನ ಸೆಳೆತ ದೂರ ಸರಿದ ಋಣದ ಮೇಲಿನ ತಳ್ಳಿಕೆಗಿಂತ ತುಸು ಹೆಚ್ಚು. ಆ ತುಸು ಹೆಚ್ಚಿನ ಬಲದಿಂದಲೇ ಕಾಗದ ಹಾರುವುದು. ದೂರದಿಂದಲೇ, ಮುಟ್ಟದೆಯೇ, ಎದುರಿನ ವಸ್ತುವಿನಲ್ಲಿ ಹೀಗೆ ಧನಋಣಗಳನ್ನು ಸರಿಸುವುದಕ್ಕೆ ಪ್ರೇರಣೆಯೆಂದು ಹೆಸರು. ಈ ಮಾತನ್ನು ದಯಮಾಡಿ ನೆನಪಿನಲ್ಲಿಡಬೇಕು. ಭಾಷಣದ ಕೊನೆಯಲ್ಲಿ ಇದು ಪ್ರಾಣದ ಪ್ರಶ್ನೆಯಾಗಿ ಮತ್ತೆ ಬರುವುದು.

ದೂರ ಹೆಚ್ಚಿದಂತೆ ಬಲ ಕಡಮೆಯಾಗುವುದು ಸರಿ. ಆದರೆ ಎಷ್ಟು ಕಡಮೆ? ಇದನ್ನು ಅಳೆದು ತೋರಿಸಿದವನು ಕೂಲಂ ಎಂಬ ಫ್ರೆಂಚ್ ಎಂಜಿನಿಯರ್. ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಆರೋಗ್ಯ ಕೆಡಿಸಿಕೊಂಡು ಹಿಂದಿರುಗಿದ್ದ ಆತನು, ತೆಳುವಾದ ತಂತಿಯನ್ನು ತಿರುಚಿದರೆ ಅದು ಎಷ್ಟು ಬಲದಿಂದ ಹಿಂದಿರುಗಲು ಹವಣಿಸುವುದೆಂಬುದನ್ನು ಆಳವಾಗಿ ವಿಚಾರಮಾಡಿದ್ದನು. ಆ ವಿದ್ಯೆಯಿಂದ ಅವನು ಒಂದು ತಕ್ಕಡಿಯನ್ನು ನಿರ್ಮಿಸಿದನು. ಗಾಜಿನ ಪಾತ್ರೆಯೊಳಗೆ ಕೂದಲಿನಂಥ ಬೆಳ್ಳಿಯ ತಂತಿ. ಅದರ ತುದಿಯಲ್ಲಿ ಅಡ್ಡಲಾಗಿ ಒಂದು ಕಡ್ಡಿ. ಕಡ್ಡಿಯ ಕೊನೆಯಲ್ಲಿ ಒಂದು ಬೆಂಡಿನ ಗುಂಡು. ಅದರ ಪಕ್ಕದಲ್ಲಿ ಅಲುಗದಂತೆ ನಿಲ್ಲಿಸಿದ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಜಾತಿಯ ಆವೇಶವನ್ನು ಕೊಟ್ಟಾಗ ತೂಗುವ ಗುಂಡು ೩೬ ಅಂಶ ದೂರ ಸರಿದು ನಿಂತಿತು; ತಂತಿಯ ತಿರುಚು ೩೬ ಅಂಶ. ಮೇಲಿನಿಂದ ತಂತಿಯನ್ನು ತಿರುಗಿಸಿ ಗುಂಡುಗಳನ್ನು ಅರ್ಧದಷ್ಟು ದೂರಕ್ಕೆ, ಎಂದರೆ ೧೮ ಅಂಶಕ್ಕೆ, ತರಬೇಕಾದರೆ ಒಟ್ಟು ತಿರುಚು ೧೪೪ ಅಂಶ ಬೇಕಾಯಿತು. ಅದರ ಅರ್ಧಕ್ಕಿಂತ ಸ್ವಲ್ಪ ಕಡಮೆಯಾಗಿ, ೮½ ಅಂಶಕ್ಕೆ ತಂದಾಗ ೫೭೫½ ಅಂಶ. ಮೂವತ್ತಾರರ ನಾಲ್ಕರಷ್ಟು ನೂರನಲವತ್ತನಾಲ್ಕು. ಅದರ ನಾಲ್ಕರಷ್ಟು ಐನೂರ ಎಪ್ಪತ್ತಾರು. ದೂರ ಅರ್ಧವಾದರೆ ಬಲ ನಾಲ್ಕು ಮಡಿ ಎಂಬ ನಿಯಮವನ್ನು ೧೭೮೫ರಲ್ಲಿ ಅವನು ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನ ಮುಂದೆ ಇಟ್ಟನು. ಕೊನೆಯ ಅಳತೆಯಲ್ಲಿ ತೋರುವ ಸಣ್ಣ ಕೊರತೆಗೆ ಪ್ರಯೋಗದ ನಡುವೆ ಆವೇಶ ಸ್ವಲ್ಪ ಸೋರಿಹೋದುದೂ ಒಂದು ಕಾರಣವೆಂದು ಅವನೇ ಒಪ್ಪಿದನು. ಮಳೆಗಾಲದಲ್ಲಿ ಪ್ರಯೋಗ ಮಾಡಿದ ನಮಗೆ ಇದು ಚೆನ್ನಾಗಿ ಅರ್ಥವಾಗುವುದು.

ಇದೇ ನಿಯಮವನ್ನು ಇದಕ್ಕೆ ಹನ್ನೆರಡು ವರ್ಷ ಮೊದಲೇ ಇನ್ನೂ ಸೂಕ್ಷ್ಮವಾದ ದಾರಿಯಿಂದ ಕಂಡಿದ್ದವನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್. ೧೭೭೩ರಲ್ಲಿ ಅವನು ಲೋಹದ ತಗಡಿನಿಂದ ಮುಚ್ಚಿದ ಒಂದು ಗೋಳವನ್ನು ಎರಡು ಟೊಳ್ಳು ಅರ್ಧಗೋಳಗಳ ನಡುವೆ ಇಟ್ಟು, ಹೊರಗಿನದಕ್ಕೂ ಒಳಗಿನದಕ್ಕೂ ತಂತಿಯ ಸಂಬಂಧ ಕಲ್ಪಿಸಿ, ಹೊರಗಿನದಕ್ಕೆ ಆವೇಶವನ್ನು ಕೊಟ್ಟನು. ಆಮೇಲೆ ಸಂಬಂಧವನ್ನು ತಪ್ಪಿಸಿ ಹೊರಗಿನ ಚಿಪ್ಪನ್ನು ತೆಗೆದು ನೋಡಿದರೆ ಒಳಗಿನ ಗೋಳದಲ್ಲಿ ಆವೇಶದ ಸುಳಿವೇ ಇಲ್ಲ. ಟೊಳ್ಳು ಗೋಳದ ಒಳಗೆ ಯಾವ ಕಡೆ ನಿಂತರೂ, ಒಂದು ಪಕ್ಕದಲ್ಲಿ ಹತ್ತಿರದ ಸಣ್ಣ ತುಣುಕು ತಳ್ಳುವುದನ್ನು ಇನ್ನೊಂದು ಪಕ್ಕದಲ್ಲಿ ದೂರದ ದೊಡ್ಡ ತುಣುಕು ಸರಿದೂಗಿಸುವುದು. ದೂರ ಎರಡರಷ್ಟಾದಾಗ ತುಣುಕಿನ ಹರವು ನಾಲ್ಕರಷ್ಟಾಗುವುದು. ಬಲವೂ ಸರಿಯಾಗಿ ನಾಲ್ಕರಲ್ಲಿ ಒಂದು ಪಾಲಾದರೆ ಮಾತ್ರ ಈ ಸರಿದೂಗಿಕೆ ಪೂರ್ಣವಾಗುವುದು. ಸೊನ್ನೆಯನ್ನು ಕಂಡು ನಿಯಮವನ್ನು ಹೇಳುವ ಈ ಚಾತುರ್ಯ ಮೆಚ್ಚತಕ್ಕದು. ಆದರೆ ಅತಿ ಸಂಕೋಚದ ಆ ಮನುಷ್ಯನು ಇದನ್ನು ಪ್ರಕಟಿಸದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡನು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ೧೮೭೯ರಲ್ಲಿ, ಮ್ಯಾಕ್ಸ್‌ವೆಲ್ಲನು ಆ ಕಾಗದಗಳನ್ನು ಅಚ್ಚು ಹಾಕಿಸಿದಾಗಲೇ ಲೋಕಕ್ಕೆ ತಿಳಿಯಿತು. ಕ್ಯಾವೆಂಡಿಷನ ಲೆಕ್ಕದಲ್ಲಿ ಐವತ್ತರಲ್ಲಿ ಒಂದರಷ್ಟು ಸಂದೇಹ ಉಳಿದಿತ್ತು. ೧೯೭೧ರಲ್ಲಿ ಇದೇ ಮಾರ್ಗವನ್ನು ಹಿಡಿದು ಅಮೆರಿಕದಲ್ಲಿ ನಡೆಸಿದ ಪ್ರಯೋಗದಲ್ಲಿ ಆ ಸಂದೇಹ ಸಾವಿರ ಲಕ್ಷಕೋಟಿಯಲ್ಲಿ ಒಂದಕ್ಕಿಂತ ಕಡಮೆಗೆ ಇಳಿಯಿತು. ಟೊಳ್ಳಿನ ಒಳಗೆ ಬಲವಿಲ್ಲವೆಂಬ ಈ ವಿಷಯವನ್ನೂ ನೆನಪಿನಲ್ಲಿಡಬೇಕು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಆವೇಶವನ್ನು ಅಳೆಯುವ ಮಾನಕ್ಕೆ ಕೂಲಂ ಎಂದೇ ಹೆಸರು. ಒಂದೊಂದು ಕೂಲಂ ಆವೇಶವುಳ್ಳ ಎರಡು ಗುಂಡುಗಳನ್ನು ಒಂದು ಮೀಟರ್ ದೂರದಲ್ಲಿ ಇಟ್ಟರೆ ಅವು ಪರಸ್ಪರ ತಳ್ಳುವ ಬಲ ಸುಮಾರು ಒಂಬತ್ತು ಲಕ್ಷ ಟನ್ನುಗಳ ತೂಕಕ್ಕೆ ಸಮ. ಗಾಡಿಗೆ ಒಂದು ಟನ್ನಿನಂತೆ ಹೇರಿದರೆ ಒಂಬತ್ತು ಲಕ್ಷ ಗಾಡಿಗಳ ಹೊರೆ. ಅವನ್ನು ಒಂದು ಕಿಲೋಮೀಟರ್ ದೂರ ಒಯ್ದು ಇಟ್ಟರೂ ಬಲ ಒಂಬತ್ತು ಕ್ವಿಂಟಲಿನಷ್ಟು ಉಳಿಯುವುದು. ಬಾಚಣಿಗೆಯಲ್ಲಿ ಕೂಡುವ ಆವೇಶವಾದರೋ ಒಂದು ಕೂಲಂನ ಕೋಟಿಯ ಒಂದು ಪಾಲಿನ ಆಸುಪಾಸು. ಅಷ್ಟರಿಂದಲೇ ಅದು ಕಾಗದದ ಚೂರನ್ನು ಎತ್ತಿತು. ಆ ಚೂರನ್ನು ಕೆಳಕ್ಕೆ ಎಳೆಯುತ್ತಿದ್ದುದು ಇಡೀ ಭೂಮಂಡಲ. ಪಂದ್ಯದಲ್ಲಿ ಗೆದ್ದುದು ಅಂಗೈಯಗಲದ ಬಾಚಣಿಗೆ! ಒಂದು ಎಲೆಕ್ಟ್ರಾನಿಗೂ ಒಂದು ಪ್ರೋಟಾನಿಗೂ ನಡುವೆ ಇರುವ ವಿದ್ಯುತ್ತಿನ ಸೆಳೆತ ಅವುಗಳ ಗುರುತ್ವದ ಸೆಳೆತಕ್ಕಿಂತ ಎರಡರ ಮುಂದೆ ಮೂವತ್ತೊಂಬತ್ತು ಸೊನ್ನೆಗಳನ್ನು ಬರೆದಷ್ಟು ಮಡಿ ಹೆಚ್ಚು.

ಹಾಗಾದರೆ ಪದಾರ್ಥದಲ್ಲಿ ಇರುವ ಆವೇಶವೆಷ್ಟು? ದೇವಸ್ಥಾನದಲ್ಲಿ ಅಂಗೈಗೆ ಹಾಕುವ ಒಂದು ಉದ್ಧರಣೆ ತೀರ್ಥವನ್ನು ಐದು ಗ್ರಾಂ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು ಎರಡು ಲಕ್ಷ ಎಪ್ಪತ್ತು ಸಾವಿರ ಕೂಲಂ ಧನಾವೇಶ ಇರುವುದು. ಸಾಧಾರಣವಾದ ಒಂದು ಸಿಡಿಲಿನಲ್ಲಿ ಇಳಿಯುವುದು ಹದಿನೈದು ಇಪ್ಪತ್ತು ಕೂಲಂ. ಎಂದರೆ ಹದಿಮೂರು ಸಾವಿರ ಸಿಡಿಲುಗಳ ಆವೇಶವನ್ನು ನಾವು ಅಂಗೈಯಲ್ಲಿ ಹಿಡಿದು ನಿಶ್ಚಿಂತೆಯಿಂದ ಕುಡಿಯುವೆವು. ಏನೂ ಆಗುವುದಿಲ್ಲ, ಏಕೆಂದರೆ ಅದೇ ಉದ್ಧರಣೆಯಲ್ಲಿ ಅಷ್ಟೇ ಋಣಾವೇಶವೂ ಇದೆ. ಲೋಟ ಸುಮ್ಮನೆ ಕುಳಿತಿರುವುದು ಬಲವಿಲ್ಲದುದರಿಂದಲ್ಲ, ಬಲಗಳು ಸಮತೂಕವಾಗಿರುವುದರಿಂದ. ಎರಡು ಕಡೆಯಿಂದಲೂ ಸಮಬಲದ ಜಟ್ಟಿಗಳು ಹಗ್ಗವನ್ನು ಜಗ್ಗುತ್ತಿರುವಾಗ ಹಗ್ಗದ ನಡುವಣ ಗಂಟು ಅಲುಗದೆ ಇರುವುದು. ದೂರದಿಂದ ನೋಡುವವನು ಅಲ್ಲಿ ಯಾರೂ ಜಗ್ಗುತ್ತಿಲ್ಲವೆಂದು ತಿಳಿದರೆ ಅದು ಅವನ ಭ್ರಾಂತಿ.

ಈ ಧನ ಋಣಗಳು ಪದಾರ್ಥದಲ್ಲಿ ಎಲ್ಲಿವೆಯೆಂಬುದು ಗೊತ್ತಾದುದು ಬಹಳ ತಡವಾಗಿ. ೧೮೯೭ರಲ್ಲಿ ಕೇಂಬ್ರಿಜ್ಜಿನ ಜೆ. ಜೆ. ಥಾಮ್ಸನ್ನನು ಋಣಾವೇಶದ ಕಣವಾದ ಎಲೆಕ್ಟ್ರಾನನ್ನು ಗುರುತಿಸಿದನು. ೧೯೦೯ರಿಂದ ಮುಂದಕ್ಕೆ ಮಿಲಿಕನ್ನನು ಎಣ್ಣೆಯ ತುಂತುರು ಹನಿಗಳನ್ನು ವಿದ್ಯುತ್ತಿನ ಬಲದಿಂದ ಗಾಳಿಯಲ್ಲಿ ತಡೆದು ನಿಲ್ಲಿಸಿ, ಹನಿಯ ಆವೇಶ ಯಾವಾಗಲೂ ಒಂದೇ ಸಣ್ಣ ಮೊತ್ತದ ಇಂತಿಷ್ಟು ಪಟ್ಟು ಆಗಿರುವುದೆಂದು ತೋರಿಸಿದನು. ನಾಣ್ಯದಲ್ಲಿ ಅತಿ ಸಣ್ಣದು ಒಂದಿರುವಂತೆ ಆವೇಶದಲ್ಲಿಯೂ ಒಂದಿದೆ. ಅಂಥವು ಅರುವತ್ತೆರಡು ಸಾವಿರ ಕೋಟಿ ಕೋಟಿ ಸೇರಿದರೆ ಒಂದು ಕೂಲಂ. ೧೯೧೧ರಲ್ಲಿ ರುದರ್‌ಫರ್ಡನು ಪರಮಾಣುವಿನ ಧನಾವೇಶವೆಲ್ಲ ಅದರ ನಡುವಣ ಅತಿ ಸೂಕ್ಷ್ಮವಾದ ಬೀಜದಲ್ಲಿ ಅಡಗಿದೆಯೆಂದು ನಿರ್ಣಯಿಸಿದನು. ಬೀಜ ಕುಳಿತಿರುವುದು, ಎಲೆಕ್ಟ್ರಾನುಗಳು ಓಡಾಡುವುವು. ಫ್ರಾಂಕ್ಲಿನ್ನನ ಹೆಸರುಗಳ ಪ್ರಕಾರ, ಧನ ಮನೆಯಲ್ಲಿಯೇ ಇದೆ, ಕೈಯಿಂದ ಕೈಗೆ ತಿರುಗುವುದು ಋಣ! ಬೀಜದ ಪ್ರೋಟಾನಿನ ಆವೇಶವೂ ಎಲೆಕ್ಟ್ರಾನಿನ ಆವೇಶವೂ ಎಷ್ಟು ಸಮವೆಂದರೆ, ಒಂದರ ಮುಂದೆ ಇಪ್ಪತ್ತೊಂದು ಸೊನ್ನೆಗಳನ್ನು ಬರೆದಷ್ಟರಲ್ಲಿ ಒಂದು ಪಾಲಿನ ಭೇದವೂ ಪ್ರಯೋಗಗಳಲ್ಲಿ ಕಂಡುಬಂದಿಲ್ಲ.

ನಾವು ಕುಳಿತ ಕುರ್ಚಿ ನಮ್ಮನ್ನು ಹೊತ್ತಿರುವುದು, ಉಪ್ಪಿನ ಹರಳು ಹರಳಾಗಿರುವುದು, ಅಂಟು ಅಂಟುವುದು, ದಾರ ಹರಿಯದಿರುವುದು, ಇವೆಲ್ಲಕ್ಕೂ ಮೂಲ ಈ ಸೆಳೆತ ತಳ್ಳಿಕೆಗಳೇ. ಎಲೆಕ್ಟ್ರಾನುಗಳನ್ನು ಒಂದೇ ಎಡೆಯಲ್ಲಿ ಕಿಕ್ಕಿರಿಯಗೊಡದ ಕ್ವಾಂಟಂ ನಿಯಮ ಅವುಗಳಿಗೆ ಜೊತೆಗಾರ. ಬೀಜದೊಳಗೆ ಪ್ರೋಟಾನುಗಳು ಪರಸ್ಪರ ತಳ್ಳಿ ಸಿಡಿದುಹೋಗದಿರುವುದು ಅಲ್ಲಿ ಮಾತ್ರ ನಡೆಯುವ ಇನ್ನೂ ಪ್ರಬಲವಾದ ಬೇರೊಂದು ಬಲದಿಂದ. ಆದರೆ ತೊಂಬತ್ತೆರಡು ಪ್ರೋಟಾನುಗಳ ಯುರೇನಿಯಮ್ಮಿನಲ್ಲಿ ಆ ಕಟ್ಟು ಸಡಿಲ. ನ್ಯೂಟ್ರಾನು ತಗಲಿ ಬೀಜ ಎರಡಾಗಿ ಒಡೆದಾಗ ಹೋಳುಗಳು ಧನಾವೇಶದ ತಳ್ಳಿಕೆಯಿಂದ ಮಹಾವೇಗದಲ್ಲಿ ಬೇರ್ಪಡುವುವು. ಉತ್ತರ ಕನ್ನಡದ ಕೈಗಾದಲ್ಲಿ ೨೦೦೦ರಿಂದ ಈಚೆಗೆ ನೀರನ್ನು ಕಾಯಿಸಿ ವಿದ್ಯುತ್ತನ್ನು ಉತ್ಪಾದಿಸುತ್ತಿರುವ ಶಾಖದ ಬಹುಭಾಗ, ವಿಚಾರಮಾಡಿ ನೋಡಿದರೆ, ಬೆಂಡಿನ ಗುಂಡುಗಳು ದೂರ ಸರಿದ ಅದೇ ಜಗಳದ ಫಲ.

ಸಮತೂಕದ ಮಹಿಮೆಯನ್ನು ಹೇಳಿದ ಮೇಲೆ ಅದು ತಪ್ಪಿದಾಗ ಆಗುವುದನ್ನೂ ಹೇಳಬೇಕು. ಗುಡುಗಿನ ಮೋಡದೊಳಗೆ ಮೇಲೇರುವ ಹಿಮದ ಹರಳುಗಳೂ ಬೀಳುವ ಮೆದು ಆಲಿಕಲ್ಲುಗಳೂ ತಾಗಿ ಉಜ್ಜಿ, ಸಾಮಾನ್ಯವಾಗಿ ಮೋಡದ ಮೇಲ್ಭಾಗದಲ್ಲಿ ಧನವೂ ಕೆಳಭಾಗದಲ್ಲಿ ಋಣವೂ ಕೂಡುವುವು. ಈಗ ಮೋಡವೇ ಬಾಚಣಿಗೆ; ಕೆಳಗಿನ ಭೂಮಿಯೇ ಕಾಗದದ ಚೂರು. ಪ್ರೇರಣೆಯಿಂದ ಮೋಡದ ಕೆಳಗಿನ ನೆಲದಲ್ಲಿ ಧನ ಕೂಡುವುದು. ಎತ್ತರವಾಗಿ ನಿಂತ ಒಂಟಿ ಮರ, ಗೋಪುರ, ಬಯಲಿನಲ್ಲಿ ನಿಂತ ಮನುಷ್ಯ, ಇವುಗಳ ತುದಿಯಲ್ಲಿ ಅದರ ಬಲ ಹೆಚ್ಚು. ಗಾಳಿ ತಡೆಯಲಾರದಷ್ಟಾದಾಗ ನಡುವೆ ದಾರಿ ಒಡೆಯುವುದು. ಅದೇ ಸಿಡಿಲು. ೧೭೫೨ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾರ್ಲಿ ಎಂಬ ಊರಿನಲ್ಲಿ, ಫ್ರಾಂಕ್ಲಿನ್ನನು ಸೂಚಿಸಿದ್ದ ಪ್ರಕಾರ ನಿಲ್ಲಿಸಿದ ಕಬ್ಬಿಣದ ಕಂಬಿಯಿಂದ ಮೋಡದ ವಿದ್ಯುತ್ತಿನ ಕಿಡಿಗಳನ್ನು ತೆಗೆದರು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ಪ್ರಾಧ್ಯಾಪಕನು ಅಂಥದೇ ಕಂಬಿಯ ಮುಂದೆ ಬಾಗಿ ನೋಡುತ್ತಿದ್ದಾಗ ಸಿಡಿಲು ಬಡಿದು ಸತ್ತನು. ಅವನ ಕಂಬಿಗೆ ನೆಲದ ಸಂಬಂಧವಿರಲಿಲ್ಲ. ಇಳಿಯಲು ದಾರಿಯಿಲ್ಲದ ಆವೇಶಕ್ಕೆ ಅವನ ದೇಹವೇ ದಾರಿಯಾಯಿತು. ಕಟ್ಟಡಗಳ ಮೇಲಿನ ಸಿಡಿಲುಗಂಬಿಯನ್ನು ದಪ್ಪ ತಂತಿಯಿಂದ ಭೂಮಿಯ ಆಳಕ್ಕೆ ಸೇರಿಸುವ ಕಾರಣ ಇದು.

ಭಾರತದಲ್ಲಿ ಈಚಿನ ವರ್ಷಗಳಲ್ಲಿ ಸಿಡಿಲಿನಿಂದ ಪ್ರತಿವರ್ಷವೂ ಎರಡು ಸಾವಿರಕ್ಕಿಂತ ಹೆಚ್ಚು ಮಂದಿ ಸಾಯುತ್ತಿರುವರು. ಅವರಲ್ಲಿ ಬಹುಮಂದಿ ಹೊಲದಲ್ಲಿ ಕೆಲಸಮಾಡುವವರು, ದನ ಕುರಿ ಕಾಯುವವರು. ಮಳೆ ಬಂತೆಂದು ಮರದ ಕೆಳಗೆ ನಿಲ್ಲುವುದು ಸಹಜವಾದ ಬುದ್ಧಿ. ಆದರೆ ಮೇಲಿನ ಮಾತುಗಳನ್ನು ಮನಸ್ಸಿಗೆ ತಂದುಕೊಂಡವರು ಅಲ್ಲಿ ನಿಲ್ಲಲಾರರು. ಮರಕ್ಕೆ ಬಡಿದ ಸಿಡಿಲು ಕಾಂಡದಿಂದ ಪಕ್ಕದ ಮನುಷ್ಯನಿಗೆ ಹಾರಬಲ್ಲುದು. ನೆಲದಲ್ಲಿ ಹರಡುವಾಗ ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯಬಲ್ಲುದು. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಾಗಿರುವ ದನಗಳು ಮರದಡಿಯಲ್ಲಿ ಗುಂಪಾಗಿ ಸಾಯುವುದು ಇದರಿಂದಲೇ. ಗುಡುಗು ಕೇಳಿಸಿದೊಡನೆ ಭದ್ರವಾದ ಮನೆಯೊಳಗೆ ಹೋಗಬೇಕು. ಅದಿಲ್ಲದಿದ್ದರೆ ಲೋಹದ ಮೈಯುಳ್ಳ ಕಾರು ಅಥವಾ ಬಸ್ಸಿನೊಳಗೆ ಕಿಟಕಿಗಳನ್ನು ಏರಿಸಿಕೊಂಡು ಕುಳಿತುಕೊಳ್ಳಬೇಕು. ಕ್ಯಾವೆಂಡಿಷನ ಟೊಳ್ಳು ಗೋಳದಂತೆ ಅಲ್ಲಿ ಆವೇಶ ಹೊರಮೈಯಲ್ಲಿಯೇ ಹರಿದು ನೆಲಕ್ಕೆ ಇಳಿಯುವುದು. ಎರಡೂ ದೊರೆಯದೆ ಬಯಲಿನಲ್ಲಿ ಸಿಕ್ಕಿಕೊಂಡರೆ ಮರ, ಕೆರೆ, ತಂತಿಬೇಲಿಗಳಿಂದ ದೂರ ಸರಿದು, ಕಾಲುಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಬೇಕು. ನೆಲದ ಮೇಲೆ ಮಲಗಕೂಡದು. ಇದರಿಂದ ಅಪಾಯ ಕಡಮೆಯಾಗುವುದೇ ಹೊರತು ತಪ್ಪುವುದಿಲ್ಲ. ಮನೆಯಲ್ಲಿರುವವರು ನಲ್ಲಿಯನ್ನೂ ತಂತಿಗೆ ಸೇರಿದ ಉಪಕರಣಗಳನ್ನೂ ಮುಟ್ಟಬಾರದು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯದೆ ಹೊರಗೆ ಹೊರಡಬಾರದು.

ಇನ್ನೊಂದು ಮಾತು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದೆಂದು ಹೆದರಿ ಅವನನ್ನು ಮುಟ್ಟದೆ ಬಿಡುವುದುಂಟು. ಇದು ದೊಡ್ಡ ತಪ್ಪು. ಆವೇಶ ಕ್ಷಣದೊಳಗೆ ನೆಲವನ್ನು ಸೇರಿರುವುದು. ಮುಟ್ಟಿದರೆ ಯಾವ ಅಪಾಯವೂ ಇಲ್ಲ. ಅಂಥವರಲ್ಲಿ ಅನೇಕರಿಗೆ ಹೃದಯವೂ ಉಸಿರೂ ನಿಂತಿರುವುವು ಮಾತ್ರ. ಕೂಡಲೆ ಎದೆಯ ನಡುವೆ ಎರಡು ಕೈಗಳಿಂದ ಬಲವಾಗಿ, ಬೇಗಬೇಗನೆ ಒತ್ತುತ್ತ ಉಸಿರು ಕೊಟ್ಟು, ಆಸ್ಪತ್ರೆಗೆ ಹೇಳಿಕಳುಹಿಸಿದರೆ ಪ್ರಾಣ ಉಳಿಯಬಹುದು. ಆವೇಶ ಎಲ್ಲಿರುವುದು, ಎಲ್ಲಿರುವುದಿಲ್ಲ ಎಂಬ ತಿಳಿವಳಿಕೆಯಿಂದ ಒಂದು ಜೀವ ಉಳಿಯುವುದಾದರೆ, ಕೂಲಂ ಕ್ಯಾವೆಂಡಿಷರು ಬೆಂಡಿನ ಗುಂಡುಗಳ ಮುಂದೆ ಕಳೆದ ಕಾಲ ಸಾರ್ಥಕ.

ಮುಂದಿನ ಬಾರಿ ರೇಡಿಯೋದಲ್ಲಿ ಆ ಚಟಚಟ ಶಬ್ದ ಸಂಗೀತವನ್ನು ಕೆಡಿಸಿದಾಗ ಶ್ರೋತೃಗಳು ಬೇಸರಪಡದೆ ಒಂದು ಕ್ಷಣ ಯೋಚಿಸಬೇಕೆಂದು ಬೇಡುವೆವು. ಎಲ್ಲಿಯೋ ಒಂದು ಕಡೆ ಹದಿನೈದು ಇಪ್ಪತ್ತು ಕೂಲಂನಷ್ಟು ಲೆಕ್ಕ ತಪ್ಪಿದೆ. ಪ್ರಕೃತಿ ಅದನ್ನು ಸದ್ದುಮಾಡಿ ಸರಿಪಡಿಸುತ್ತಿದೆ. ಹೊಲದಲ್ಲಿರುವ ನಮ್ಮವರನ್ನು ಮನೆಯೊಳಕ್ಕೆ ಕರೆಯುವುದಕ್ಕೆ ಅದು ಮುನ್ಸೂಚನೆಯೂ ಹೌದು. ಉಳಿದಂತೆ, ನಮ್ಮ ಕೈಯಲ್ಲಿರುವ ನೀರಿನ ಲೋಟದಲ್ಲಿ, ಕುಳಿತ ಕುರ್ಚಿಯಲ್ಲಿ, ನಮ್ಮ ದೇಹದಲ್ಲಿ, ಕೋಟ್ಯಂತರ ಕೂಲಂಗಳ ಧನ ಋಣಗಳು ಒಂದು ಕಾಸೂ ಹೆಚ್ಚುಕಡಮೆಯಿಲ್ಲದೆ ಸರಿಹೊಂದಿ ನಿಂತಿವೆ. ಆ ಹಿಂದಿನ ಬೆಂಚಿನ ಹುಡುಗನಿಗೆ ಅಂದು ಗಂಟೆ ಹೊಡೆದುದರಿಂದ ಪೂರ್ತಿ ಉತ್ತರ ಕೊಡಲಾಗಲಿಲ್ಲ. ಅವನು ಎಲ್ಲಿದ್ದರೂ ಈ ಭಾಷಣವನ್ನು ಕೇಳಿರುವನೆಂದು ನಂಬುವೆವು.